ಎರಡೆರಡು ನಿರಾಕಾರ

ಪ್ರೀತಿಯ ಅತ್ತಿಗೆ,

ಇಲ್ಲಿ ಕ್ಷೇಮ ಎಂದು ಬರೆದರೆ ಪೆನ್ನೇ ನಗುತ್ತದೆ. ಮುಂದಿನ ವಾರದ ನನ್ನ ರಜೆ ರದ್ದಾಗಿದೆ. ಕಾರಣ ಕೇಳಿದರೆ ನಿಮಗೂ ಮೈ ಉರಿಯುತ್ತದೆ.

ನಮ್ಮ ಪ್ರಯೋಗಾಲಯದ ಔಷಧ ಹರಳಾಗಿದ್ದರೆ ಹೊಟ್ಟೆಯಲ್ಲಿ ಕರಗುವುದಿಲ್ಲ. ಅದಕ್ಕೇ ಹರಳು ಕೆಡಿಸಿ ಆಕಾರವಿಲ್ಲದ ಪುಡಿ ಮಾಡುತ್ತೇವೆ. ನಾನು ಕಾಯಿಸಿ, ಥಟ್ಟನೆ ತಣಿಸಿ ಮಾಡಿದ್ದು ಬಳೆಚೂರಿನಂತೆ ಹೊಳೆಯುತ್ತಿತ್ತು. ತಿಂಗಳುಗಟ್ಟಲೆ ಕೆಡದ ಜಾತಿ. ಪಕ್ಕದ ಮೇಜಿನಾಕೆ ಅದೇ ಔಷಧವನ್ನು ಅರೆದು ಮಾಡಿದ್ದು ಮಂಕು ಬಿಳಿ. ಚೂರು ತೇವ ತಾಗಿದರೂ ಮತ್ತೆ ಹರಳಾಗುವ ಜಾತಿ. ಎರಡು ಡಬ್ಬಿಗಳ ಮೇಲೂ ‘ನಿರಾಕಾರ’ ಎಂದು ಚೀಟಿ ಅಂಟಿಸಿದ್ದೆವು.

ಸಾಹೇಬರು ಬಂದರು, ಚೀಟಿ ಓದಿದರು, ಎರಡನ್ನೂ ಒಂದೇ ಡಬ್ಬಿಗೆ ಸುರಿದರು!

“ಅಯ್ಯೋ ಸಾರ್, ಅವೆರಡೂ ಬೇರೆ ಬೇರೆ!” ಎಂದೆ.

“ದೇವರು ಒಬ್ನೇ ನಿರಾಕಾರ ಕಣಯ್ಯಾ, ನಿಂದೇನು ಎರಡೆರಡು? ಆಕಾರಾನೇ ಇಲ್ದಿದ್ಮೇಲೆ ವ್ಯತ್ಯಾಸ ಎಲ್ಲಿಂದ ಬಂತು?”

ಬೆಳಗಾಗುವಷ್ಟರಲ್ಲಿ ಆಕೆಯ ಪುಡಿಯಲ್ಲಿ ಹರಳು ಮೂಡಿ, ನನ್ನದಕ್ಕೂ ಹಬ್ಬಿ, ಇಡೀ ಡಬ್ಬಿ ಹರಳು. ಕಾದ ನನ್ನ ತಲೆಗೆ ಇನ್ನು ಹರಳೆಣ್ಣೆಯೇ ಗತಿ. “ಮತ್ತೆ ಮಾಡು, ಆಮೇಲೆ ರಜೆ” ಅಂದರು. ಎಷ್ಟು ಗೋಗರೆದರೂ ಆ ಮನುಷ್ಯ ಕರಗಲಿಲ್ಲ. ಒಳಗೂ ಹರಳೇ ಇರಬೇಕು.

ನನ್ನ ಕೆಮ್ಮು ವಾಸಿಯಾಗಿದೆಯೆಂದು ಅಣ್ಣನಿಗೆ ಹೇಳಿ. ಪಾಪು ಗೋಡೆ ಹಿಡಿದು ನಿಲ್ಲುತ್ತಾಳೆ ಎಂದು ಬರೆದಿದ್ದಿರಿ. ಅವಳ ಮೊದಲ ಹೆಜ್ಜೆ ನೋಡಲೆಂದೇ ರಜೆ ಕೇಳಿದ್ದೆ. ನಾನು ಬರುವ ತನಕ, ಗೋಡೆ ಬಿಟ್ಟರೆ ಕೂರಿಸಿಬಿಡಿ. ಕಾರ್ಡು ಮುಗಿಯಿತು, ಸಿಟ್ಟು ಮುಗಿದಿಲ್ಲ.

ಪಾಪುವಿನ ಪಾಲಿಗೆ ಇನ್ನೂ ನಿರಾಕಾರನಾಗಿಯೇ ಉಳಿದ
ಚಿಕ್ಕಪ್ಪ