ಶೋಳಾವರದಲ್ಲಿ ಮೂರನೆಯ ಸ್ಥಾನ

ಅಟ್ಟೂರು, ಯಲಹಂಕ
9 ಜನವರಿ 2024

ಚಿರಂಜೀವಿ ಗುರುಚರಣನಿಗೆ,

ನಿನ್ನ ಬೆನ್ನುನೋವು ಹೇಗಿದೆಯಪ್ಪಾ? ಅಷ್ಟು ದೂರ ಕಾರು ಓಡಿಸಿದ್ದೀಯ, ಸುಮಾಳಿಗೆ ಹೇಳಿ ಬಿಸಿನೀರಿನ ಶಾಖ ಕೊಡಿಸಿಕೋ. ಶರ್ವಾಣಿಯ ಕೆಮ್ಮು ಇಳಿಯಿತೇ? ಫೋನ್ ಮಾಡಿದರೆ ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತೀಯ. ಅದಕ್ಕೇ ಹುಬ್ಬಳ್ಳಿಯ ವಿಳಾಸಕ್ಕೆ ಕಾಗದ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪ ಊಟ ಮಾಡುತ್ತಾರೆ, ಅಷ್ಟೇ. ಕ್ರಿಸ್‌ಮಸ್ ರಜೆಯಲ್ಲಿ ಹಳೆಯ ಕಾರ್ ರೇಸಿನ ಜಾಗಗಳನ್ನೆಲ್ಲ ತೋರಿಸುತ್ತೇನೆಂದು ನೀನು ಕರೆದಾಗ, ಎಪ್ಪತ್ತಾರು ವರ್ಷದ ಆ ಮನುಷ್ಯ ತಮ್ಮ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ಮದರಾಸಿನಾಚೆ ಆ ಶೋಳಾವರದಲ್ಲಿ ಬೇಲಿಯ ಹೊರಗೆ ನಿಂತು, ಹಿಂದೆ ರೇಸು ನಡೆಯುತ್ತಿದ್ದ ವಿಮಾನ ನಿಲ್ದಾಣದ ಒಡೆದ ರನ್‌ವೇ ಕಡೆ ಕೈ ಚಾಚಿ, ಯಾವ ತಿರುವಿನಲ್ಲಿ ಗೇರ್ ಇಳಿಸಿ ಮೂರನೆಯವನಾಗಿ ಬಂದೆ, ಜನ ಎಲ್ಲಿ ನಿಂತು ಕೂಗುತ್ತಿದ್ದರು ಎಂದು ಮೊಮ್ಮಗಳಿಗೆ ಹೇಳುತ್ತಿದ್ದರಲ್ಲ, ನಲವತ್ತೇಳು ವರ್ಷದ ಸಂಸಾರದಲ್ಲಿ ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. ಆಗಲೇ ನೀನು ಮೊಬೈಲ್ ತೆಗೆದೆ. ಯಾರೋ ಹಾಕಿದ್ದ ಹಳೆಯ ಸ್ಮರಣ ಸಂಚಿಕೆಯ ಪುಟ. 1976, ಮೂರನೆಯ ಸ್ಥಾನ, ಪಿಳ್ಳಣ್ಣ, ಬೆಂಗಳೂರು. ನನ್ನ ಅಣ್ಣ, ನಿನ್ನ ಸೋದರಮಾವ. "ನಿನ್ ಹೆಸ್ರೆಲ್ಲಪ್ಪಾ? ಮಾವನ ಗಾಡಿಗೆ ಗ್ರೀಸ್ ಹಚ್ತಿದ್ದೆ ಅಂತ ನೆಟ್ಟಗೆ ಹೇಳ್ಬಾರ್ದಾ ಗುರು?" ಎಂದೆ ನೀನು. ಹೆತ್ತ ಅಪ್ಪನಿಗೆ ಗುರು! ಸುಮಾ ನಕ್ಕಳು. "ತಾತ ಡೂಪು, ತಾತ ಡೂಪು" ಎಂದು ಮಗು ಕುಣಿಯಿತು. ಅದನ್ನೂ ನೀನು ವಿಡಿಯೊ ಮಾಡಿ ನೆಂಟರ ಗ್ರೂಪಿಗೆ ಹಾಕಿದೆ. ನಿಮ್ಮಪ್ಪ ನನ್ನ ಕಡೆ ನೋಡಿದರು. ನಾನು ಸೆರಗಿಗೆ ಅಂಟಿದ್ದ ಹುಲ್ಲಿನ ಮುಳ್ಳು ಕೀಳುತ್ತ ನಿಂತೆ.

ಆ ವಿಡಿಯೊ ಯಾರಿಂದ ಯಾರಿಗೆ ಹೋಯಿತೋ, ಪಾರ್ಕಿನ ಬೆಂಚಿನವರೆಲ್ಲ ನೋಡಿದ್ದಾರೆ. ಮೊನ್ನೆ ಒಬ್ಬ ಇವರಿಗೆ, "ಏನ್ ಪುಟ್ಟಣ್ಣೋರೇ, ಇಂಗಾ ಬುರುಡೆ ಬಿಡೋದು?" ಎಂದನಂತೆ. ಅಂದಿನಿಂದ ಇವರು ಗೇಟು ದಾಟಿಲ್ಲ. ಕಾಫಿ ತಂದರೆ ಕೆಳಗಿಡು ಎಂದು ನೆಲ ತೋರಿಸುತ್ತಾರೆ, ನನ್ನ ಕೈಯಿಂದ ಲೋಟ ತೆಗೆದುಕೊಳ್ಳುವುದಿಲ್ಲ.

ಸುಮಾಳಿಗೆ ನನ್ನ ಆಶೀರ್ವಾದ, ಶರ್ವಾಣಿಗೊಂದು ಮುತ್ತು. ನಿನ್ನ ಮಕ್ಕಳು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ ಅಮ್ಮ,
ಮುನಿಯಲ್ಲಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಆ ರೇಸಿನ ಬೆಳಿಗ್ಗೆ ನಿನ್ನ ಮಾವ ಕುಡಿದು ಏಳಲಾರದೆ ಬಿದ್ದಿದ್ದ. ಅವನ ಹೆಲ್ಮೆಟ್ ಹಾಕಿಕೊಂಡು, ಅವನ ಹೆಸರಿನಲ್ಲಿ ಓಡಿಸಿ ಮೂರನೆಯವರಾಗಿ ಬಂದದ್ದು ಅವನ ಮೆಕ್ಯಾನಿಕ್ ಆಗಿದ್ದ ನಿಮ್ಮಪ್ಪ. "ಬಾಯ್ ಬಿಡ್ದಿದ್ರೆ ತಂಗೀನ ಕೊಡ್ತೀನಿ ಕಣೋ" ಎಂದಿದ್ದ ನನ್ನಣ್ಣ. ಓಡಿಸಿದೆ ಎಂದು ಇವರು ಹೇಳಿಕೊಂಡರೇ ಹೊರತು, ಯಾರ ಹೆಸರಿನಲ್ಲಿ ಎಂದು ಇವತ್ತಿಗೂ ಹೇಳಿಲ್ಲ. ಬೇಲಿಯ ಹತ್ತಿರ ನಾನು ಹೇಳಬಹುದಿತ್ತು. ಅಣ್ಣನ ಮಾನ ದೊಡ್ಡದೆನಿಸಿತು, ಈಗಲೂ ಅನಿಸುತ್ತದೆ. ಇಪ್ಪತ್ತೊಂದನೇ ತಾರೀಕು, ಭಾನುವಾರ, ಅಬ್ಬಿಗೆರೆಯಲ್ಲಿ ಹಳೆಯ ಕಾರಿನ ಸಂಘದವರು ಹಳೆಯ ರೇಸುಗಾರನೆಂದು ನಿನ್ನ ಮಾವನಿಗೆ ಸನ್ಮಾನ ಮಾಡುತ್ತಿದ್ದಾರೆ. ಹಾರ ಹಾಕಲು ನಿಮ್ಮಪ್ಪನನ್ನೇ ಕೇಳಿದ್ದಾನೆ. ಇವರನ್ನು ಕೇಳದೆ ನಾನೇ ಹೂಂ ಎಂದಿದ್ದೇನೆ. ನೀನೂ ಬಾ. ಯಾರ ಹತ್ತಿರವೂ ತುಟಿ ಬಿಚ್ಚಬೇಡ. ಮುಂದಿನ ಸಾಲಿನಲ್ಲಿ ಕೂತು, ಅಪ್ಪನ ಮುಖ ನೋಡುತ್ತ, ಮಾವನಿಗೆ ಚಪ್ಪಾಳೆ ತಟ್ಟು.