ಕಿತ್ತಿಡು ತಂತಿ, ಬಿಡು ಚಿಂತೆ

ಮೇ 7, ಮಂಗಳವಾರ, ಮಧ್ಯಾಹ್ನ 12

ಪ್ರೂಫ್ ಹದಿನಾರು ಪುಟ ಆಯಿತು. ನೀರು ಒಂದು ಲೋಟ ಆಯಿತು. ಸಂಜೆಯವರೆಗೆ ಇನ್ನು ಪ್ರೂಫ್ ಮಾತ್ರ.

ಮನೆಗೆ ಹೊಸ ಫೋನ್ ಬಂತು. ಮೇಜಿನ ಮೇಲೆ ಕೂರುವ, ತಂತಿ ಇರುವ ಜಾತಿ. ಆಸ್ಪತ್ರೆಯಲ್ಲಿ ಕಿಡ್ನಿಗೆ ಕಾಯುವವರ ಪಟ್ಟಿ ನೋಡಿಕೊಳ್ಳುವ ಸಿಸ್ಟರ್ ಖಡಾಖಂಡಿತ ಹೇಳಿದ್ದಳು: "ನಿಮ್ಮ ಮೊಬೈಲ್ ಯಾವಾಗ ನೋಡಿದ್ರೂ ವ್ಯಾಪ್ತಿ ಪ್ರದೇಶದ ಹೊರಗೆ. ಕಿಡ್ನಿ ಬಂದ್ರೆ ನನಗಿರೋದು ಒಂದು ಗಂಟೆ. ಎತ್ತಿದ್ರೆ ನಿಮ್ಮದು, ಇಲ್ಲಾಂದ್ರೆ ಮುಂದಿನವರದು."

ಅವಳ ತಪ್ಪಲ್ಲ. ನಾಲ್ಕು ಕಟ್ಟಡಗಳ ನಡುವಿನ ಕೆಳಮನೆ ನಮ್ಮದು. ಸಿಗ್ನಲ್ ಮೆಟ್ಟಿಲವರೆಗೆ ಬರುತ್ತದೆ, ಒಳಗೆ ಕರೆದರೆ ಬರುವುದಿಲ್ಲ.

ಲೈನ್‌ಮನ್ ಅಕ್ಕನ ಹೊಲಿಗೆ ಮಷೀನಿನ ಹಿಂದೆ ಗೋಡೆ ಕೊರೆದು ಸಾಕೆಟ್ ಕೂರಿಸಿದ. ಡಬ್ಬದಿಂದ ಎರಡು ತಂತಿ ಬಂದವು — ಒಂದು ಚಪ್ಪಟೆ, ಒಂದು ಸುರುಳಿ. ಬುದ್ಧಿವಂತಿಕೆ ತೋರಿಸಿ ಸುರುಳಿಯನ್ನು ಗೋಡೆಗೆ ಚುಚ್ಚಿದೆ. ಉಸಿರಿಲ್ಲ. "ಅದು ರಿಸೀವರ್‌ಗೆ ಸಾರ್, ಇದು ಗೋಡೆಗೆ" ಅಂದ, ಮಗುವಿಗೆ ಚಮಚ ಹಿಡಿಯಲು ಕಲಿಸುವ ದನಿಯಲ್ಲಿ. ಅಡಿಯ ಸಣ್ಣ ಗುಂಡಿ ಸರಿಸಿ ಗಂಟೆಯ ಸದ್ದು ಜೋರು ಮಾಡಿದ. ಮೆಟ್ಟಿಲ ಮೇಲೆ ಹೋಗಿ ತನ್ನ ಮೊಬೈಲಿನಿಂದ ರಿಂಗ್ ಕೊಟ್ಟ. ಅಕ್ಕನ ಹೊಲಿಗೆ ಸೊಟ್ಟಗಾಯಿತು.

"ಇದೇನೋ, ಫೋನೋ ಫೈರ್ ಇಂಜಿನ್ನೋ!"

"ದಿನಾ ಬೆಳಿಗ್ಗೆ ಒಂದ್ಸಲ ಎತ್ತಿ ಕೇಳಿ ಸಾರ್. ಗುಂಯ್ ಅಂದ್ರೆ ಜೀವ ಇದೆ ಅಂತ."

ನನ್ನನ್ನು ಯಾರೂ ಹಾಗೆ ಎತ್ತಿ ಕೇಳುವುದಿಲ್ಲ.

ಮೇ 9, ಗುರುವಾರ

ಫೋನಿನ ಜತೆ ಬಂದ ಸುರಕ್ಷತಾ ಸೂಚನೆ ಓದಿದೆ. ಇರುವೆ ಗಾತ್ರದ ಅಕ್ಷರ. 'ಅಳವಡಿಸತಕ್ಕದ್ದು, ವರ್ಜಿಸತಕ್ಕದ್ದು' — ತಕ್ಕದ್ದೇ ತಕ್ಕದ್ದು. ಅಕ್ಕ ಕನ್ನಡಕ ಹಾಕಿದರೂ ಆಗಲಿಲ್ಲ. "ಪದ್ಯ ಮಾಡಿಬಿಡೋ ಕವಿರಾಯ, ಬಾಯಿಗೆ ಬಂದುಬಿಡುತ್ತೆ" ಅಂದಳು. ಮಾತ್ರೆಗಳ ಹೊತ್ತನ್ನೂ ಹಾಗೇ ಕಲಿತಿದ್ದಾಳೆ.

ದಪ್ಪ ಅಕ್ಷರದಲ್ಲಿ ಬರೆದು ಮಷೀನಿನ ಮೇಲೆ ಅಂಟಿಸಿದೆ:

ನೀರಿನ ಹತ್ತಿರ ಇಡಬೇಡ,
ನಡೆಯುವ ದಾರಿಗೆ ತಂತಿ ಬೇಡ.
ಗ್ಯಾಸಿನ ವಾಸನೆ ಬಂತೇನು?
ಒಳಗಡೆ ಮುಟ್ಟಬೇಡ ಫೋನು.
ಕಿವಿಗಿಡೊ ಮುಂಚೆ ತಿರುವಿ ನೋಡು,
ಅಂಟಿದ ಸೂಜಿಯ ಕಿತ್ತು ಬಿಸಾಡು.
ಗುಡುಗಿನ ಸದ್ದು ಕೇಳಿಸಿತೆ?
ಕಿತ್ತಿಡು ತಂತಿ, ಬಿಡು ಚಿಂತೆ.

ಸೂಜಿಯ ಮಾತು ತಮಾಷೆಯಲ್ಲ. ರಿಸೀವರಿನೊಳಗೆ ಅಯಸ್ಕಾಂತ ಇದೆಯಂತೆ. ಅಕ್ಕನ ಮೇಜಿನ ಮೇಲೆ ಒಂದು ಗಂಟೆ ಇಟ್ಟಿದ್ದಕ್ಕೆ ಮೂರು ಗುಂಡುಸೂಜಿ ಅಂಟಿದ್ದವು.

ಇನ್ನೊಂದು ಸೂಚನೆ ಉಳಿಯಿತು: 'ಗುಡುಗು ಮಿಂಚು ಸಂಪೂರ್ಣ ನಿಂತ ಬಳಿಕ ಮರುಜೋಡಣೆ ಮಾಡತಕ್ಕದ್ದು.' ಮರುಜೋಡಣೆಗೆ ಪ್ರಾಸ ಸಿಗಲಿಲ್ಲ. ಎಂಟು ಸಾಲು ಚೆನ್ನಾಗಿ ನಿಂತಿದ್ದವು, ಒಂಬತ್ತನೆಯದು ಕುಂಟುತ್ತಿತ್ತು. ಬಿಟ್ಟೆ. ಅಷ್ಟು ತಿಳಿಯದೇ ಇರುತ್ತದೆಯೇ.

ಮೇ 10, ಶುಕ್ರವಾರ

ಡಯಾಲಿಸಿಸ್. ನಾಲ್ಕು ಗಂಟೆ. ಕಿಟಕಿ ಪಕ್ಕದ ಕುರ್ಚಿಯ ಬಡಗಿಗೆ ಹೊಸ ಫೋನಿನ ನಂಬರು ಕೊಟ್ಟು ಪದ್ಯ ಹೇಳಿದೆ. ಅವನೂ ಅದೇ ಪಟ್ಟಿಯಲ್ಲಿದ್ದಾನೆ, ರಕ್ತದ ಗುಂಪೂ ಒಂದೇ.

"ಪ್ರಾಸದಣ್ಣ, ನಿಂಗೆ ಕಿಡ್ನಿ ಹೋದ್ರೂ ಕಿತಾಪತಿ ಹೋಗ್ಲಿಲ್ಲ ನೋಡು!"

ಪ್ರಾಸ ಅವನಿಗೂ ಬರುತ್ತದೆ. ಮೊದಲ ಸಲ ಗೊತ್ತಾಯಿತು.

ಮೇ 18, ಶನಿವಾರ

ಮೊದಲ ವಾರ ದಿನಾ ಎತ್ತಿ ಕೇಳಿದೆ. ಗುಂಯ್. ಈಗ ಬಿಟ್ಟಿದ್ದೇನೆ. ನಿರೀಕ್ಷೆಗೂ ಒಂದು ಕೈ ಬೇಕು, ಎಡಗೈ ಪೂರ್ತಿ ಸೂಜಿಗಳಿಗೆ ಬರೆದುಕೊಟ್ಟಾಗಿದೆ.

ಮೇ 27, ಸೋಮವಾರ, ಸಂಜೆ 7

ಡಯಾಲಿಸಿಸ್. ವಾಪಸ್ ಬರುವಾಗ ಮಳೆ, ಗುಡುಗು. ಕಾಲು ನನ್ನವಲ್ಲ. ಮಲಗಿದೆ. ಅಕ್ಕ ಏನೋ ಹೇಳಿದಳು. ಹೂಂ ಅಂದೆ.

ಮೇ 28, ಮಂಗಳವಾರ, ಸಂಜೆ 5

ದಿನವಿಡೀ ಮನೆಯಲ್ಲೇ. ಫೋನಿನ ಪಕ್ಕ ಕೂತು ಇಪ್ಪತ್ತೆರಡು ಪುಟ ಪ್ರೂಫ್. ತಪ್ಪು ಹದಿಮೂರು ಹಿಡಿದೆ. ಬಿಸಿಲು ಚೆನ್ನಾಗಿತ್ತು. ಯಾರೂ ಕರೆಯಲಿಲ್ಲ.

ಮೇ 29, ಬುಧವಾರ

ಬಡಗಿಯ ಕುರ್ಚಿ ಖಾಲಿ. ಸತ್ತನೇ ಅಂತ ಕೇಳಿದೆ. ಪಟ್ಟಿಯ ಸಿಸ್ಟರೇ ಇವತ್ತು ಸೂಜಿ ಚುಚ್ಚಿ, ಟೇಪ್ ಅಂಟಿಸಿ, ಆಮೇಲೆ ಹೇಳಿದಳು. ನಿನ್ನೆ ಬೆಳಿಗ್ಗೆ ಕಿಡ್ನಿ ಬಂತು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ಬಡಗಿಯದು.

"ಹತ್ತೂವರೆಯಿಂದ ಹನ್ನೊಂದೂವರೆ ತನಕ ಆರು ಸಲ ಮಾಡಿದೆ. ಮೊಬೈಲ್ ಎಂದಿನ ಹಾಗೆ. ಮನೆ ಫೋನ್ ರಿಂಗ್ ಆಗ್ತಾನೇ ಇತ್ತು. ಎಲ್ಲಿಗೆ ಹೋಗಿದ್ರಿ ನೀವು?"

"ಎಲ್ಲೂ ಇಲ್ಲ."

"ಅಂದ್ರೆ?"

"ಪಕ್ಕದಲ್ಲೇ ಕೂತಿದ್ದೆ."

ಅವಳು ನನ್ನನ್ನೇ ನೋಡಿದಳು. ಬಿ.ಪಿ. ಇನ್ನೊಮ್ಮೆ ನೋಡಿದಳು. ಸರಿಯಾಗಿಯೇ ಇತ್ತಂತೆ.

ಮೇ 30, ಗುರುವಾರ, ಬೆಳಗ್ಗೆ 9

ನಿನ್ನೆ ಬಂದು ಫೋನ್ ಎತ್ತಿದೆ. ಗುಂಯ್ ಇಲ್ಲ. ಬಗ್ಗಿ ನೋಡಿದೆ. ತಂತಿ ಅಚ್ಚುಕಟ್ಟಾಗಿ ಸುತ್ತಿ, ನೀಲಿ ದಾರದಲ್ಲಿ ಕಟ್ಟಿ, ಮಷೀನಿನ ಹಿಂದಿನ ಮೊಳೆಗೆ ನೇತುಹಾಕಿದೆ.

"ಸೋಮವಾರ ಗುಡುಗಿತಲ್ಲ, ಕಿತ್ತೆ. ನಿಂಗೆ ಹೇಳಿದ್ನಲ್ಲೋ, ಹೂಂ ಅಂದೆ."

"ಮತ್ತೆ ಹಾಕಲಿಲ್ಲವಾ?"

"ನಾನ್ಯಾಕೆ ಹಾಕ್ಲಿ? ಪದ್ಯದಲ್ಲಿ ಕಿತ್ತಿಡು ಅಂತ ಇತ್ತು, ಹಾಕು ಅಂತ ಎಲ್ಲಿತ್ತು? ಹಾಕೋದು ನೀನು ತಾನೆ."

ಹೌದು, ಹಾಕುವುದು ನಾನು. ಹಿಂದೊಮ್ಮೆ ಇಸ್ತ್ರಿಪೆಟ್ಟಿಗೆ ಶಾಕ್ ಹೊಡೆದು ಅವಳನ್ನು ಮೂಲೆಗೆ ಎಸೆದಿತ್ತು. ಅಂದಿನಿಂದ ಈ ಮನೆಯಲ್ಲಿ ಗೋಡೆಯಿಂದ ಕೀಳುವುದು ಅವಳ ಖಾತೆ, ಗೋಡೆಗೆ ಚುಚ್ಚುವುದು ನನ್ನ ಖಾತೆ. ಹನ್ನೊಂದು ವರ್ಷ ಹೀಗೇ ನಡೆದಿದೆ. ಇಸ್ತ್ರಿಪೆಟ್ಟಿಗೆ ಕಣ್ಣಿಗೆ ಕಾಣುತ್ತದೆ. ಇದು ಮಷೀನಿನ ಹಿಂದೆ ಇತ್ತು. ತಂತಿ ಕಿತ್ತರೂ ಕರೆದವರ ಕಿವಿಗೆ ರಿಂಗ್ ಕೇಳುತ್ತಲೇ ಇರುತ್ತದಂತೆ.

ಚುಚ್ಚಿದೆ. ಗುಂಯ್.

"ಯಾರಾದ್ರೂ ಮಾಡಿದ್ರೇನೋ ಅಷ್ಟರಲ್ಲಿ?"

"ಇಲ್ಲ."

ಅಳು ಬರಬೇಕಿತ್ತು. ದೇಹದಲ್ಲಿ ನೀರು ಬೇಕಾದಷ್ಟಿದೆ, ದಾರಿ ಇಲ್ಲ ಅಂತ ಕಾಣುತ್ತದೆ. ಪ್ರೂಫಿಗೆ ಕೂತೆ. ಒಂದೇ ಸಾಲನ್ನು ಎಷ್ಟು ಸಲ ಓದಿದೆನೋ.

ಜೂನ್ 3, ಸೋಮವಾರ

ಡಯಾಲಿಸಿಸ್. ಕಿಟಕಿ ಕುರ್ಚಿ ನನಗೆ ಕೊಟ್ಟರು. ಹೊರಗೆ ನೀರಿನ ಟ್ಯಾಂಕ್ ಕಾಣುತ್ತದೆ. ಇದನ್ನು ನೋಡಲು ಬಡಗಿ ಯಾರಿಗೂ ಜಾಗ ಬಿಡುತ್ತಿರಲಿಲ್ಲ.

ಜೂನ್ 14, ಶುಕ್ರವಾರ

ಪ್ರಾಸ ಬರುತ್ತಿಲ್ಲ. ಪರವಾಗಿಲ್ಲ. ಅಕ್ಕ ಮಾತ್ರ ಪೆಡಲ್ ತುಳಿಯುತ್ತ ಹಾಡುತ್ತಿದ್ದಾಳೆ — ಕಿತ್ತಿಡು ತಂತಿ, ಬಿಡು ಚಿಂತೆ. ಕಾಗದ ಕೀಳೋಣ ಅಂದುಕೊಂಡೆ. ಕಿತ್ತರೆ ಯಾಕೆ ಅಂತ ಕೇಳುತ್ತಾಳೆ.

ಸಿಸ್ಟರ್ ಹೇಳಿದಳು, ನನ್ನ ಹೆಸರು ಪಟ್ಟಿಯಲ್ಲಿ ಮೊದಲೇ ಇದೆಯಂತೆ. ಯಾವಾಗ ಅಂತ ಕೇಳಲಿಲ್ಲ.

ಜೂನ್ 20, ಗುರುವಾರ, ಸಂಜೆ 4

ಫೋನ್ ಹೊಡೆಯಿತು. ಲೈನ್‌ಮನ್ ಹೋದ ಮೇಲೆ ಮೊದಲ ಸಲ. ನಾನು ಏಳುವಷ್ಟರಲ್ಲಿ ಅಕ್ಕ ಹಾರಿದಳು. ತಿರುವಿ ಸೂಜಿ ನೋಡಿದಳು. ಕಿವಿಗಿಟ್ಟಳು.

"ಯಾರು? ...ಓಹೋ, ಕಿಟಕಿ ಕುರ್ಚಿಯ ಬಡಗಿಯಣ್ಣನಾ! ಮನೆಗೆ ಬಂದ್ರಾ? ...ಉಚ್ಚೆ ಆಗ್ತಾ ಇದೆಯಾ? ಅಯ್ಯೋ, ಎಂಥ ಒಳ್ಳೆ ಸುದ್ದಿ!" ನನ್ನ ಕಡೆ ತಿರುಗಿ, "ಕೇಳಿದ್ಯೇನೋ, ಬಿಂದಿಗೆಗಟ್ಟಲೆ ಅಂತೆ!"

ನಕ್ಕಳು. ಸುರುಳಿ ತಂತಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು.

"ಹೌದಾ... ನಿಮ್ಮ ಅದೃಷ್ಟ ಬಿಡಿ. ಅಲ್ಲ, ಫೋನ್ ಎತ್ತದೇ ಇದ್ದವನು ಅದ್ಯಾರಪ್ಪ ಅಂಥ ಪುಣ್ಯಾತ್ಮ? ...ವಾರ್ಡಿನ ಆಯಾ ಹೇಳಿದ್ಳಾ? ...ಆರು ಸಲನಾ? ...ಯಾವತ್ತು ಅದು?"

ಬೆರಳು ನಿಂತಿತು.

"ಮಂಗಳವಾರ... ಯಾವ ಮಂಗಳವಾರ?"

ಬಡಗಿ ತಾರೀಖು ಹೇಳಿರಬೇಕು. ಎತ್ತದವನು ನಾನೇ ಅಂತ ಅವನಿಗೇನು ಗೊತ್ತು. ಅಕ್ಕ "ಹೂಂ" ಅಂದಳು. ಇನ್ನೊಂದು ಸಲ "ಹೂಂ". ನನಗೆ ಕೊಡಲಿಲ್ಲ. ರಿಸೀವರ್ ಮೆಲ್ಲನೆ ಅದರ ಜಾಗದಲ್ಲಿ ಇಟ್ಟಳು. ಮಷೀನಿಗೆ ಹೋಗಿ ಕೂತಳು. ಕಾಲು ಗಂಟೆ ಆಯಿತು. ಪೆಡಲ್ ಸದ್ದಿಲ್ಲ.

ಈಗ ಸ್ಟೂಲ್ ಸರಿದ ಸದ್ದು. ಬರುತ್ತಿದ್ದಾಳೆ. ಕಿತ್ತಿದ್ದು ನಾನು ಅನ್ನುತ್ತಾಳೆ. ಅವಳು ಬಾಯಿ ತೆರೆಯುವ ಮೊದಲು ನಾನೇ ಹೇಳಬೇಕು, ಅಕ್ಕ, ಆ ಕಾಗದದಲ್ಲಿ ಇನ್ನೂ ಒಂದು ಸಾಲು ಇತ್ತು, ಅದನ್ನು ನಾನೇ —