ಒಳ್ಳೆಣ್ಣೆ

ಮದ್ದೂರು
೨೮ ಆಗಸ್ಟ್ ೧೯೪೪

ಪ್ರೀತಿಯ ಅವ್ವನಿಗೆ ಮೀನಾಕ್ಷಿಯ ನಮಸ್ಕಾರ.

ಎಲ್ಲರೂ ಕ್ಷೇಮ ಎಂದು ಬರೆಯಲು ಹೋದರೆ ಕೈ ತಡೆಯುತ್ತದೆ. ಇದನ್ನು ಒಬ್ಬಳೇ ಕೂತು ಓದು. ಅಪ್ಪನಿಗೆ ಆಮೇಲೆ ನೀನೇ ಹೇಳುವೆಯಂತೆ.

ಗೌರಿ ಹಬ್ಬಕ್ಕೆ ನೀನು ಕಳಿಸಿದ ಎಣ್ಣೆ ಮಡಕೆಯನ್ನು ಗಾಡಿ ನಿಂಗಯ್ಯ ತಂದು ಜಗಲಿ ಮೇಲಿಟ್ಟ. ಬಾಯಿ ತುಂಬ ಎಲೆಅಡಿಕೆ. "ಅಳ್ಳೆಣ್ಣೆ ಕಣವ್ವ. ಓದ್ಸಲ ನಿಮ್ಮವ್ವಾರು ಯೋಳ್ ಕಳ್ಸಿದ್ರಲ್ಲ, ಅದೇಯ" ಅಂದ. ಹರಳೆಣ್ಣೆ ಇರಬೇಕು, ತಲೆಗಾಯಿತು ಎಂದುಕೊಂಡು ಮುಚ್ಚಳ ತೆಗೆದರೆ ಘಮ್ಮೆಂದಿತು. ಎಳ್ಳಿನದು, ನಮ್ಮೂರು ಪೂರಿಗಾಲಿಯ ಗಾಣದ ಒಳ್ಳೆಣ್ಣೆ! ಇದು ಒಳ್ಳೆಣ್ಣೆ ಅಲ್ಲವೇನಯ್ಯ ಎಂದರೆ, "ಊಂ ಮತ್ತೆ, ನಾನೂ ಅದ್ನೇ ಅಂದಿದ್ದು, ಅಳ್ಳೆಣ್ಣೆ" ಅಂತಾನೆ. ಹಾಗಾದರೆ ಹರಳೆಣ್ಣೆಗೆ ಏನಂತೀಯ ಎಂದೆ. ಅದೂ ಅಳ್ಳೆಣ್ಣೆಯೇ ಅಂತೆ. ಅವ್ವಾ, ಆ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು!

ಆಗಲೇ ನನಗೆ ಹಿಂದಿನದು ಹೊಳೆಯಿತು. ಹೋದ ವರ್ಷ ನಾನು ಬಸುರಿಯಾಗಿದ್ದಾಗ, ಕಡಲೆಕಾಯಿ ಎಣ್ಣೆ ಪಿತ್ತ, ಅವಳಿಗೆ ಒಳ್ಳೆಣ್ಣೆಯಲ್ಲೇ ಒಗ್ಗರಣೆ ಹಾಕಿ ಎಂದು ನೀನು ಹೇಳಿ ಕಳಿಸಿದ್ದು ಇವನ ಕೈಲೇ. ಇವನು ಹೇಳಿದ್ದು ನನಗಲ್ಲ, ನಮ್ಮತ್ತೆ ದೊಡ್ಡತಾಯಮ್ಮನವರಿಗೆ. ಅವರ ಕಿವಿಗೆ ಅದು ಹರಳೆಣ್ಣೆ ಎಂದೇ ಬಿದ್ದಿದೆ. ಅಂದಿನಿಂದ ಅತ್ತೆ ನನ್ನ ಸಾರಿಗೆ ಬೇರೆ ಒಗ್ಗರಣೆ ಹಾಕುತ್ತಿದ್ದರು. ಅದೆಂಥ ಜಿಡ್ಡು, ಅದೆಂಥ ವಾಸನೆ! ಬಸುರಿಯ ಬಾಯಿಗೆ ಎಲ್ಲವೂ ಹೀಗೇ ಎಂದು ನುಂಗಿದೆ. ಭೇದಿ ಹಿಡಿಯಿತು, ಅದರ ಬೆನ್ನಿಗೇ ನೋವು. ದಿನ ತುಂಬದೆ ಹುಟ್ಟಿದ ಮಗು ಅಳಲೇ ಇಲ್ಲ. ಈಗ ಆಸ್ಪತ್ರೆಯ ನರ್ಸಮ್ಮನನ್ನು ಕೇಳಿದರೆ, ಬಸುರಿಯ ಹೊಟ್ಟೆಗೆ ಯಾರಾದರೂ ಹರಳೆಣ್ಣೆ ಹಾಕುತ್ತಾರೆಯೇ, ಅಕಾಲದಲ್ಲಿ ನೋವು ಬಂದುಬಿಡಬಹುದು ಎಂದು ಹಣೆ ಚಚ್ಚಿಕೊಂಡರು.

ಅವತ್ತು ನೀನು ನಮ್ಮ ಬೀದಿಯಲ್ಲಿ ನಿಂತು, "ಕಡ್ಲೆಕಾಯ್ ಎಣ್ಣೆ ತಿನ್ಸಿ ನನ್ ಮೊಮ್ಮಗೀನ ಕೊಂದ್ಲು" ಎಂದು ಕೂಗಾಡಿದೆ. ಇವರು ತಾಯಿಯ ಜೊತೆ ಮಾತು ಬಿಟ್ಟರು. ಅತ್ತೆ ತುಟಿ ಬಿಚ್ಚದೆ ಬಟ್ಟೆ ಗಂಟು ಕಟ್ಟಿಕೊಂಡು ಆತಗೂರಿನ ಮಗಳ ಮನೆ ಸೇರಿದರು.

ಮೊನ್ನೆ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅತ್ತೆ ರಾಗಿ ಕೇರುತ್ತಲೇ ಅಂದರು: "ನಂಗೂ ಸರಿ ಕಾಣ್ನಿಲ್ಲ ಕಣಮ್ಮ. ಎತ್ತೋಳು ಯೋಳ್ ಕಳ್ಸವ್ಳೆ, ಬ್ಯಾಡ ಅನ್ನಕೆ ನಾನ್ಯಾರು ಅಂತ ಆಕ್ದೆ. ಆಮ್ಯಾಕೆ ನಿಮ್ಮವ್ವನೇ ಯೋಳಿದ್ದು ಅಂದಿದ್ರೆ ನೀನು ಅವ್ವನ್ನೂ ಕಳ್ಕೊತಿದ್ದೆ. ಮಗೀನ ಕಳ್ಕೊಂಡಿದ್ದೇ ಸಾಕಾಗಿತ್ತು, ಬುಡು." ಇವರು ಹೊಸಿಲ ಮೇಲೆ ಕೂತು ಗಳಗಳನೆ ಅತ್ತುಬಿಟ್ಟರು.

ಮನೆಗೆ ಬನ್ನಿ ಎಂದು ಎಷ್ಟು ಬೇಡಿಕೊಂಡರೂ ಅತ್ತೆ ಒಪ್ಪಲಿಲ್ಲ. "ಆ ಬೀದೀಲಿ ಎಂಗವ್ವ ನಡೀಲಿ" ಅಂದರು. ನೀನು ಹೇಳಿದ್ದು ಸರಿಯಾಗಿಯೇ ಇತ್ತು ಅವ್ವ, ನನಗೆ ಗೊತ್ತು. ನಿಂಗಯ್ಯನೂ ಬೇಕೆಂದು ಮಾಡಿದವನಲ್ಲ. ಆದರೆ ಬೈಸಿಕೊಂಡವರು ಅತ್ತೆ ಒಬ್ಬರೇ. ನೀನು ಮದ್ದೂರಿಗೆ ಬಾ. ಬೀದಿಯಲ್ಲಿ ಅಂದದ್ದನ್ನು ಬೀದಿಯಲ್ಲೇ ನಿಂತು ವಾಪಸು ತೆಗೆದುಕೋ. ಆಮೇಲೆ ಆತಗೂರಿಗೆ ಹೋಗಿ ಅವರನ್ನು ಕೈಹಿಡಿದು ಕರೆತಾ. ನಿನ್ನ ಸ್ವಭಾವ ಬಲ್ಲೆ, ಕಷ್ಟವಾಗುತ್ತದೆ. ಆದರೂ ಬಾ.

ನಿನ್ನ ಮೇಲೆ ಮುನಿಯಲೂ ಆಗದ,
ಮೀನಾಕ್ಷಿ

ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ನನಗೀಗ ಮತ್ತೆ ನಾಲ್ಕು ತಿಂಗಳು. ಹೆರಿಗೆಗೆ ಪೂರಿಗಾಲಿಗೆ ಬರುವುದಿಲ್ಲ ಅವ್ವ. ಅತ್ತೆ ಎಲ್ಲಿರುತ್ತಾರೋ ನಾನೂ ಅಲ್ಲಿಯೇ.